ತಾಮ್ರದ ಬಿಂದಿಗೆಯೂ ಕುಡಿಯುವ ನೀರೂ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬೆಂಗಳೂರಿನ ಪಶ್ಚಿಮಕ್ಕಿರುವ ಅನ್ನಪೂರ್ಣೇಶ್ವರಿ ನಗರದವನು. ತಮಗೆ ತೋರಿಸಲು ಯಂತ್ರವೇನನ್ನೂ ತಂದಿಲ್ಲ. ತಮ್ಮ ಅಟ್ಟದ ಮೇಲಿರುವ ತಾಮ್ರದ ಬಿಂದಿಗೆಯನ್ನು ಕೆಳಗಿಳಿಸಿರೆಂದು ಹೇಳಲು ಬಂದಿದ್ದೇನೆ. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಅದು ಅಲ್ಲಿಗೇರಿತು. ಕೆಲವರು ಗುಜರಿಗೂ ಹಾಕಿದರು.

ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆನ್ನುವಂತಿಲ್ಲ. ಕಾಲರಾ, ಆಮಶಂಕೆ, ಟೈಫಾಯ್ಡ್ ತರುವ ಕ್ರಿಮಿಗಳು ಕಣ್ಣಿಗೆ ಕಾಣುವುದಿಲ್ಲ. ಬೆಂಗಳೂರಿನ ಒಂದು ಆಯುರ್ವೇದ ಸಂಶೋಧನಾ ಸಂಸ್ಥೆಯವರು ಈ ಕ್ರಿಮಿಗಳನ್ನೇ ಅಂತರ್ಜಲಕ್ಕೆ, ಒಂದು ಮಿಲಿಲೀಟರಿಗೆ 500ರಂತೆ, ಬೆರೆಸಿ ತಾಮ್ರದ ಪಾತ್ರೆಯಲ್ಲಿಟ್ಟರು. 16 ಗಂಟೆಗಳ ನಂತರ ಪರೀಕ್ಷಿಸಿದಾಗ ಒಂದೂ ಬೆಳೆಯಲಿಲ್ಲ. ಇದು 2012ರಲ್ಲಿ ಪ್ರಕಟವಾಯಿತು. ನೀರಿಗೆ ಇಳಿದ ತಾಮ್ರ ಲೀಟರಿಗೆ 0.2 ಮಿಲಿಗ್ರಾಮಿಗೂ ಕಡಮೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ.

ಹದಿನಾರು ಗಂಟೆಯೆಂದರೆ, ಮಧ್ಯಾಹ್ನ ಮೂರಕ್ಕೆ ತುಂಬಿದ್ದನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಕುಡಿಯಬೇಕು. ಆದುದರಿಂದ ಎರಡು ಬಿಂದಿಗೆ ಬೇಕು, ಒಂದು ನಿಂತಿರಲು, ಒಂದು ಬಳಸಲು. ರಾಡಿ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿರಿ. ಒಳಗೆ ಕಲಾಯಿ ಹಾಕಿದ ಪಾತ್ರೆ ಪ್ರಯೋಜನಕ್ಕೆ ಬಾರದು, ನೀರಿಗೆ ತಾಮ್ರ ತಾಗುವುದೇ ಇಲ್ಲ. ಮಜ್ಜಿಗೆ, ನಿಂಬೆ ಪಾನಕಗಳನ್ನು ಅದರಲ್ಲಿ ಇಡಲೇಬಾರದು. ಹುಳಿಗೆ ತಾಮ್ರ ಅತಿಯಾಗಿ ಕರಗುತ್ತದೆ. ಕೈ ಅದ್ದದೆ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ.

ಹುಣಸೆಹಣ್ಣು ಹಾಕಿ ತಿಕ್ಕುವ ಬೇಸರಕ್ಕೇ ಬಿಂದಿಗೆ ಅಟ್ಟಕ್ಕೇರಿತೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಆ ದೂರು ನ್ಯಾಯವಾದದ್ದೇ. ಗಂಡಸರು ತಿಕ್ಕಿದರೂ ತಾಮ್ರ ಹೊಳೆಯುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮೇಲೆ ಹೇಳಿದ್ದು ಪ್ರಯೋಗಶಾಲೆಯ ಫಲ. ಮನೆಯಲ್ಲಿ ಕೂಸಿಗೆ ಭೇದಿಯಾಗುತ್ತಿದ್ದರೆ, ಊರಿನಲ್ಲಿ ಕಾಲರಾ ಸುದ್ದಿಯಿದ್ದರೆ, ಸೌದೆ ಖರ್ಚಾದರೂ ನೀರನ್ನು ಕುದಿಸಿಯೇ ಕೊಡಿರಿ. ನಮ್ಮ ಕಡೆಯ ವೃಷಭಾವತಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ಅಂಥ ನೀರಿನ ರಾಸಾಯನಿಕ ವಿಷ ತಾಮ್ರದಿಂದ ಹೋಗದು, ಕುದಿಸಿದರೂ ಹೋಗದು. ಕೊಳವೆಬಾವಿಯ ಫ್ಲೋರೈಡೂ ಹಾಗೆಯೇ. ಹೊಳೆಯ ಪಕ್ಕದ ಬಾವಿಯುಳ್ಳವರು, ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಂಡವರು, ಬಿಂದಿಗೆಯನ್ನು ನಂಬಿ ಕೂರದೆ ಪಂಚಾಯಿತಿಗೆ ಹೇಳಿ ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಅಲ್ಲಿಯವರೆಗೆ ಕುಡಿಯುವುದಕ್ಕೆ ಬೇರೆ ಬಾವಿಯ ನೀರನ್ನು ತರುವುದು ಲೇಸು.