ಬಂದ ದಾರಿಯ ಬರಹ



ಕಂಬಂ ಕಣಿವೆಯ ಕಪ್ಪಿಲಿಯರು ತಲೆಮಾರುಗಳಿಂದ ತಮಿಳರೊಡನೆ ಬೆರೆತು ಬಾಳಿದ್ದಾರೆ. ಆದರೂ ಮನೆಯೊಳಗಿನ ಕನ್ನಡ ಅವರು ಬಂದ ದಾರಿಯನ್ನು ಹೇಳುತ್ತದೆ. ಗಣಕಕ್ಕೂ ಇಂತಹ ಗುರುತು ಬೇಕು.

ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಸರಣಿಯೇ ಸ್ಟಾಕ್ ಟ್ರೇಸ್. ದೋಷದ ನೆಲೆಯನ್ನು ನಾವು ಹುಡುಕುವುದು ಅದರಿಂದ. ವೇಗಕ್ಕಾಗಿ ಕಂಪೈಲರು ಕಿರಿಯ ಫಂಕ್ಷನ್ನಿನ ಸಾಲುಗಳನ್ನು ಕರೆದ ಫಂಕ್ಷನ್ನಿನೊಳಗೇ ಬೆರೆಸಿದಾಗ, ಕಿರಿಯದರ ಹೆಸರು ಸರಣಿಯಿಂದ ಅಳಿಯುತ್ತದೆ; ಅದರ ತಪ್ಪು ನಿರಪರಾಧಿಯ ತಲೆಗೆ ಬರುತ್ತದೆ. ಇದನ್ನು ತಪ್ಪಿಸಲು, ಬೆರೆತ ಸಾಲುಗಳ ಮೂಲವನ್ನೂ ಬೆರೆತ ಸ್ಥಳವನ್ನೂ ಕಂಪೈಲರು ಡ್ವಾರ್ಫ್ ಎಂಬ ಕ್ರಮದಲ್ಲಿ ಪ್ರತ್ಯೇಕವಾಗಿ ಬರೆದಿಡಬಲ್ಲದು. ಆ ಬರಹವನ್ನು ತೆರೆಯುವುದು ದೋಷ ಹುಡುಕುವಾಗ ಮಾತ್ರ. ಆದುದರಿಂದ ಓಟಕ್ಕೆ ಅದು ಭಾರವಾಗದು.

ನಮ್ಮ ಮಕ್ಕಳು ಎಲ್ಲಿಯೂ ಬೆರೆಯಲಿ, ವೇಗವಾಗಿ ಮುನ್ನಡೆಯಲಿ. ಬಂದ ದಾರಿಯ ಬರಹವನ್ನು ನಾವು ಅವರಿಗೆ ಉಳಿಸಿಕೊಡೋಣ.