ಕನಸಿಗೊಂದು ಕೋಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ಊರುಗಳ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಹೋದರೆ ಊಟದ ಹಾಲ್‌ನಲ್ಲೋ ವಾರ್ಡನ್ ಕೋಣೆಯಲ್ಲೋ ಅಂಬೇಡ್ಕರ್ ಅವರ ಪಟ ಕಣ್ಣಿಗೆ ಬೀಳುತ್ತದೆ. ಅಲ್ಲಿ ಓದುತ್ತಾ ಕೂತ ಮಕ್ಕಳನ್ನು "ಮುಂದೆ ಏನಾಗಬೇಕು ಅಂತಿದ್ದೀರಿ?" ಎಂದು ಕೇಳಿ ನೋಡಿ. ಒಬ್ಬ ಪೊಲೀಸ್ ಅನ್ನುತ್ತಾನೆ, ಒಬ್ಬಳು ನರ್ಸಿಂಗ್ ಅನ್ನುತ್ತಾಳೆ, ಇನ್ನೊಬ್ಬ ಎಫ್‌ಡಿಎ ಆದರೆ ಸಾಕು ಸಾರ್ ಅನ್ನುತ್ತಾನೆ. ಎಲ್ಲವೂ ಒಳ್ಳೆಯ ಕೆಲಸಗಳೇ. ಮನೆತನಕ್ಕೆ ಮೊದಲ ತಿಂಗಳ ಸಂಬಳ ತರಹೊರಟ ಮಗುವಿನ ಆಸೆಯನ್ನು ಚಿಕ್ಕದು ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಪಟದಲ್ಲಿರುವ ಆ ಮನುಷ್ಯನಿಗೂ ತಾವು ಹಾಸಿಗೆ ಹಾಸಿಕೊಂಡಿರುವ ಆ ಕೋಣೆಗೂ ಏನು ನಂಟು ಎಂಬುದು ಗೊತ್ತಾದರೆ ಅದೇ ಆಸೆ ಇನ್ನಷ್ಟು ದೂರ ನೋಡುತ್ತದೆ ಎಂದು ನಾನು ನಂಬಿದ್ದೇನೆ. ಆ ನಂಟಿನ ಕಥೆಯಲ್ಲಿ ನಮ್ಮ ಹಳೆಯ ಜಿಲ್ಲೆಯವರೇ ಆದ ಒಬ್ಬ ಮೇಷ್ಟ್ರೂ ಇದ್ದಾರೆ.

ಕಥೆ ಶುರುವಾಗುವುದು ದೂರದ ಬರೋಡಾದಲ್ಲಿ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದಾಗ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಕೆಲಸ ಇತ್ತು, ಇರಲು ಜಾಗ ಇರಲಿಲ್ಲ. ಹಿಂದೂ ಹೋಟೆಲಿನವರು ಸೇರಿಸುವುದಿಲ್ಲ ಎಂದು ಗೊತ್ತಿತ್ತು. ಪಾರ್ಸಿಗಳ ವಸತಿಯೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಮಹಡಿಯ ಮೇಲಿನ ಕೋಣೆ ಹಿಡಿದರು. ಪಕ್ಕದ ಹಜಾರದ ತುಂಬ ಮುರುಕು ಬೆಂಚು, ಹರಕು ಸಾಮಾನು. ರಾತ್ರಿಗೆ ಒಂದು ಮಂಕು ಲಾಂದ್ರ, ಹಾರಾಡುವ ಬಾವಲಿಗಳು. ಹನ್ನೊಂದನೆಯ ದಿನ ಬೆಳಿಗ್ಗೆ ಹನ್ನೆರಡು ಮಂದಿ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದರು. ಒಬ್ಬ ಹಿಂದೂ ಸ್ನೇಹಿತನನ್ನು ಕೇಳಿದರು, ಒಬ್ಬ ಕ್ರೈಸ್ತ ಸ್ನೇಹಿತನನ್ನು ಕೇಳಿದರು. ಇಬ್ಬರೂ ನೆವ ಹೇಳಿದರು. ಸಾರ್ವಜನಿಕ ಉದ್ಯಾನವೊಂದರಲ್ಲಿ ಹೊತ್ತು ಕಳೆದು ರಾತ್ರಿ ಮುಂಬಯಿಯ ರೈಲು ಹತ್ತಿದರು. ಇದೆಲ್ಲ ಅವರೇ ಬರೆದಿಟ್ಟಿರುವ ಸಂಗತಿ.

ದೊಡ್ಡ ವಿಶ್ವವಿದ್ಯಾಲಯದ ಪದವಿ ಕೈಯಲ್ಲಿದೆ, ತಲೆಯ ಮೇಲೊಂದು ಸೂರು ಇಲ್ಲ. ಇಷ್ಟಾದ ಮೇಲೆ ಅವರು ಮಾಡಿದ್ದೇನು ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯ. ಅರ್ಧಕ್ಕೆ ನಿಂತ ಓದನ್ನು ಮುಗಿಸಲು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, ಮುಗಿಸಿಯೇ ಬಂದರು. ಬ್ಯಾರಿಸ್ಟರ್ ಆಗಿ ಮುಂಬಯಿಯಲ್ಲಿ ಒಳ್ಳೆಯ ಮನೆ ಹಿಡಿದು ಸುಮ್ಮನಿರಬಹುದಿತ್ತು. ಅದರ ಬದಲು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಮರುವರ್ಷವೇ ಆ ಸಭೆಯಿಂದ ನಮ್ಮ ಗಡಿಗೆ ಹತ್ತಿರದ ಸೊಲ್ಲಾಪುರದಲ್ಲಿ ಒಂದು ವಿದ್ಯಾರ್ಥಿನಿಲಯ ತೆರೆಯಿತು. ತನಗೆ ಸಿಗದ ಕೋಣೆಯನ್ನು ತನ್ನ ಹಿಂದೆ ಬರುವ ಮಕ್ಕಳಿಗೆ ಮಾಡಿಕೊಟ್ಟ ಮನುಷ್ಯ ಅವರು. ಮಹಾಡ್ ಕೆರೆಯ ನೀರಿಗಾಗಿ ನಡೆದ ಸತ್ಯಾಗ್ರಹ 1927ರಲ್ಲಿ, ಸಂವಿಧಾನ ಅದಕ್ಕೂ ಎಷ್ಟೋ ವರ್ಷ ಈಚೆಗೆ. ಹಾಸ್ಟೆಲು ಇವೆರಡಕ್ಕಿಂತ ಮೊದಲು ಬಂತು ಎಂಬುದನ್ನು ಗಮನಿಸಬೇಕು.

ಮುಂದೆ ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರ್ಕಾರ ಹಣ ತೆಗೆದಿಡಬೇಕೆಂದು ಪಟ್ಟು ಹಿಡಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಇವತ್ತು ಹೊಸದುರ್ಗದಲ್ಲಿ ಪಿಯುಸಿ ಓದುವ ಹುಡುಗಿಯ ಬ್ಯಾಂಕ್ ಖಾತೆಗೆ ಬೀಳುವ ದುಡ್ಡಿನ ಮೂಲ ಅಲ್ಲಿದೆ.

ಈಗ ನಮ್ಮ ಕಡೆಗೆ ಬರೋಣ. ಹರಿಹರ ಇವತ್ತು ದಾವಣಗೆರೆ ಜಿಲ್ಲೆಗೆ ಸೇರಿದ ಊರು. ಆದರೆ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಹರಿಹರ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿತ್ತು. ಆ ಊರಿನ ಬಡ ಮಾದಿಗ ಕುಟುಂಬದಲ್ಲಿ 1938ರಲ್ಲಿ ಹುಟ್ಟಿದವರು ಬಿ. ಕೃಷ್ಣಪ್ಪ. ಕನ್ನಡ ಎಂ.ಎ. ಮಾಡಿ ಭದ್ರಾವತಿಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಆ ಕಾಲಕ್ಕೆ, ಆ ಮನೆತನಕ್ಕೆ, ಅದು ಸಣ್ಣ ಮಾತಲ್ಲ. ಕಾರ್ಖಾನೆಯ ಊರಿನಲ್ಲಿ ಕಾಲೇಜು ಮೇಷ್ಟ್ರು ಎಂದರೆ ಮರ್ಯಾದೆ ಇತ್ತು, ನೆಮ್ಮದಿ ಇತ್ತು. ಅಲ್ಲಿಗೇ ನಿಂತಿದ್ದರೂ ಯಾರೂ ಬೆರಳು ತೋರುತ್ತಿರಲಿಲ್ಲ.

ಅವರನ್ನು ಹೋರಾಟಕ್ಕೆ ಇಳಿಸಿದ್ದು 1973ರ ಬೂಸಾ ಪ್ರಕರಣ. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂಬರ್ಥದ ಮಾತಾಡಿದರು. ಬಸವಲಿಂಗಪ್ಪನವರೂ ಹರಿಹರದವರೇ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಆದೇಶ ಹೊರಡಿಸಿದ ಮಂತ್ರಿ ಅವರು. ಬೂಸಾ ಮಾತಿಗಿಂತ ಆ ಆದೇಶವನ್ನು ನಾವು ಹೆಚ್ಚು ನೆನೆಯಬೇಕಿತ್ತು. ಆಗ ಆದದ್ದೇ ಬೇರೆ. ರಾಜ್ಯದಲ್ಲಿ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಟ್ಟರು. ಸೂರು ಸಿಕ್ಕಿದ್ದರೂ ಆ ಸೂರಿನ ಕೆಳಗೆ ನಿರ್ಭಯವಾಗಿ ಓದಲು ಬಿಡಲಿಲ್ಲ.

ಈ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ರೂಪು ತಳೆಯಿತು. ಕೃಷ್ಣಪ್ಪ ಅದರ ಸ್ಥಾಪಕ ಸಂಚಾಲಕರಾದರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ಜೊತೆಗಿದ್ದರು. ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಊರೂರಿನ ಕೇರಿಗಳಲ್ಲಿ ರಾತ್ರಿ ಸಭೆ, ಹಾಡು, ಬೀದಿ ನಾಟಕ, ಅಧ್ಯಯನ ಶಿಬಿರ. ಸಮಿತಿ ಇಟ್ಟ ಬೇಡಿಕೆಯನ್ನು ನೋಡಿ: ಸಾರಾಯಿ ಅಂಗಡಿ ಬೇಡ, ಉಳಲು ಭೂಮಿ ಕೊಡಿ, ಮಕ್ಕಳಿಗೆ ವಸತಿ ಶಾಲೆ ಕೊಡಿ. ಅಂಬೇಡ್ಕರ್ ಸೊಲ್ಲಾಪುರದಲ್ಲಿ ಹಿಡಿದ ದಾರಿಯನ್ನೇ ತುಂಗಭದ್ರೆಯ ದಡದಲ್ಲಿ ಹುಟ್ಟಿದ ಈ ಮೇಷ್ಟ್ರು ಹಿಡಿದರು.

ಭೂಮಿಯ ವಿಷಯ ನಮ್ಮ ಬಯಲುಸೀಮೆಗೆ ಚೆನ್ನಾಗಿ ಗೊತ್ತು. ಸರ್ಕಾರ ಮಂಜೂರು ಮಾಡಿದ ಎರಡು ಎಕರೆ ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಹೋಗುತ್ತಿತ್ತು, ಬರೆದುಕೊಟ್ಟವನು ಅದೇ ಹೊಲಕ್ಕೆ ಕೂಲಿಗೆ ಬರುತ್ತಿದ್ದ. 1978ರ ಪಿಟಿಸಿಎಲ್ ಕಾಯ್ದೆ ಅಂಥ ಜಮೀನಿನ ಪರಭಾರೆಯನ್ನು ತಡೆಯಿತು, ಹೋದದ್ದನ್ನು ಮರಳಿ ಕೇಳುವ ದಾರಿ ತೆರೆಯಿತು. ಎಷ್ಟು ವರ್ಷದೊಳಗೆ ಕೇಳಬೇಕೆಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾಲಮಿತಿಯ ತೊಡಕು ನೀಗಿಸಲು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹೋರಾಟ ಭೂಮಿಗಷ್ಟೇ ನಿಲ್ಲಲಿಲ್ಲ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧವೂ ಕೃಷ್ಣಪ್ಪನವರ ಸಮಿತಿ ನಿಂತಿತು. ಕಾರ್ಯಕರ್ತರು ಪೆಟ್ಟು ತಿಂದರು. ಆ ಸೇವೆಯನ್ನು ಸರ್ಕಾರ ನಿಷೇಧಿಸಿತು.

ಕೃಷ್ಣಪ್ಪ ತೀರಿಕೊಂಡದ್ದು 1997ರ ಏಪ್ರಿಲ್ 30ರಂದು. ಹರಿಹರ ನಮ್ಮ ಜಿಲ್ಲೆಯಿಂದ ಬೇರೆಯಾಗಲು ಇನ್ನೂ ಮೂರೂವರೆ ತಿಂಗಳಿತ್ತು. ಹಾಗಾಗಿ ಅವರನ್ನು ನಮ್ಮವರು ಅನ್ನಲು ನನಗೆ ಯಾವ ಅಳುಕೂ ಇಲ್ಲ. ದುರ್ಗದ ಮಕ್ಕಳಿಗೆ ಒನಕೆ ಓಬವ್ವನ ಕಥೆ ಬಾಯಿಪಾಠ, 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿದ ಸತ್ಯಾಗ್ರಹವೂ ನಿಜಲಿಂಗಪ್ಪನವರ ಸೆರೆವಾಸವೂ ಒಂದಿಷ್ಟು ಗೊತ್ತು. ಕೃಷ್ಣಪ್ಪನವರ ಹೆಸರೂ ಅದೇ ಸಾಲಿನಲ್ಲಿ ಬರಬೇಕು.

ಜಗತ್ತಿನ ಇನ್ನೊಂದು ಮೂಲೆಯಲ್ಲೂ ಇದೇ ಹೋರಾಟ ನಡೆದಿತ್ತು. ಅಮೆರಿಕದ ಕರಿಯರ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ಶಾಲೆಯೊಂದಕ್ಕೆ ಹೋದರು. ಅಲ್ಲಿ ಓದುತ್ತಿದ್ದವರು ದಲಿತ ಮಕ್ಕಳು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದಿರುವ ನಮ್ಮಂತೆಯೇ ಅಸ್ಪೃಶ್ಯರು ಎಂದು ಮಕ್ಕಳಿಗೆ ಪರಿಚಯಿಸಿದರು. ಕಿಂಗ್ ಅವರಿಗೆ ಮೊದಲು ಸಿಟ್ಟು ಬಂತಂತೆ. ತಮ್ಮ ದೇಶದ ಕೊಳೆಗೇರಿಗಳಲ್ಲಿ ಉಸಿರುಗಟ್ಟಿ ಬದುಕುತ್ತಿರುವ ತಮ್ಮ ಜನ ಕಣ್ಣ ಮುಂದೆ ಬಂದ ಮೇಲೆ, ಹೌದು, ನಾನೂ ಅಸ್ಪೃಶ್ಯನೇ ಅನ್ನಿಸಿತು. ಇದನ್ನು ಅವರೇ 1965ರಲ್ಲಿ ತಮ್ಮ ಚರ್ಚಿನಲ್ಲಿ ಹೇಳಿಕೊಂಡರು. ಅದಕ್ಕೂ ಮೊದಲು, 1946ರಲ್ಲೇ, ಅಂಬೇಡ್ಕರ್ ಅಮೆರಿಕದ ಹಿರಿಯ ಕರಿಯ ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಹೊಳಲ್ಕೆರೆಯ ಹಾಸ್ಟೆಲಿನ ಹುಡುಗ ಇದನ್ನು ತಿಳಿದರೆ ತನ್ನ ಕೇರಿಯ ನೋವು ಕೇರಿಯದಷ್ಟೇ ಅಲ್ಲ, ಅದನ್ನು ಎದುರಿಸಿದವರು ಭೂಮಿಯ ಮೇಲೆ ಬಹಳ ಮಂದಿ ಇದ್ದಾರೆ ಎಂಬ ಧೈರ್ಯ ಬರುತ್ತದೆ.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ನೂರು ಜನರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಸೇರಿದವರು. ಹಾಗಾಗಿ ಈ ಮಕ್ಕಳ ಓದು ಇಡೀ ಜಿಲ್ಲೆಯ ಭವಿಷ್ಯ. ಇವತ್ತೂ ನಮ್ಮ ಪೇಟೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ "ನೀವು ಯಾವ ಜನ?" ಎಂಬ ಪ್ರಶ್ನೆ ಎದುರಾಗುತ್ತದೆ. ಬರೋಡಾದ ದೊಣ್ಣೆ ಇಲ್ಲ, ಬಾಗಿಲು ಮಾತ್ರ ಮುಚ್ಚುತ್ತದೆ. ಈ ಮಾತನ್ನು ಕೇಳುತ್ತಿರುವ ಮನೆ ಮಾಲೀಕರಲ್ಲಿ ನನ್ನ ಬೇಡಿಕೆ ಒಂದೇ: ಆ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ.

ಮಕ್ಕಳೇ, ಅಕ್ಕತಂಗಿಯರೇ, ನಿಮಗೆ ಒಂದಿಷ್ಟು ಕೆಲಸದ ಮಾತು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಬೇಕು. ನಾಡಕಚೇರಿಗೆ ಕೊನೆಯ ವಾರದಲ್ಲಿ ಓಡಬೇಡಿ, ಮೊದಲೇ ಮಾಡಿಸಿಡಿ. ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರಿನ ಹೆಸರು, ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ. ಒಂದು ಇನಿಷಿಯಲ್ ಆಚೀಚೆಯಾದರೂ ಅರ್ಜಿ ನಿಲ್ಲಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ದುಡ್ಡು ಬರಲಿಲ್ಲವೆಂದು ಮನೆಯಲ್ಲಿ ಓದು ಬಿಡಿಸುವ ಮಾತು ಬಂದರೆ ಸುಮ್ಮನಿರಬೇಡಿ, ವಾರ್ಡನ್ ಹತ್ತಿರ, ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಪದವಿಯಾದ ಮೇಲೆ ಮುಂದೇನು ಎಂದು ಯೋಚಿಸುವವರಿಗೆ ಇನ್ನೂ ಒಂದು ಸಂಗತಿ. ಕೊಲಂಬಿಯಾಕ್ಕೆ ಹೋಗಲು ಅಂಬೇಡ್ಕರ್ ಅವರಿಗೆ ಒಬ್ಬ ಮಹಾರಾಜರ ಮನಸ್ಸು ಬೇಕಾಯಿತು. ನಿಮಗೆ ಹಾಗಿಲ್ಲ. ಪರಿಶಿಷ್ಟ ಜಾತಿಯವರೂ ಸೇರಿದಂತೆ ಕೆಲವು ವರ್ಗಗಳ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮಾಡಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಪದವಿಯಲ್ಲಿ ಶೇಕಡಾ 60 ಅಂಕ ಬೇಕು, ವಯಸ್ಸು 35ರೊಳಗಿರಬೇಕು. ಹಿರಿಯೂರಿನ, ಹೊಸದುರ್ಗದ ಕಾಲೇಜುಗಳ ಅಧ್ಯಾಪಕರು ಇದನ್ನು ಮೊದಲ ವರ್ಷದ ತರಗತಿಯಲ್ಲೇ ಹೇಳಬೇಕು. ಕೊನೆಯ ವರ್ಷ ಹೇಳಿದರೆ ಅಂಕ ಹೆಚ್ಚಿಸಿಕೊಳ್ಳಲು, ಇಂಗ್ಲಿಷ್ ಪರೀಕ್ಷೆಗೆ ತಯಾರಾಗಲು, ವಿಶ್ವವಿದ್ಯಾಲಯಗಳಿಗೆ ಬರೆಯಲು ಸಮಯ ಸಾಲುವುದಿಲ್ಲ.