ಸಲೂನಿನ ಗಾಳಿ
(ಬದನವಾಳಿನಲ್ಲಿ ಮಾಡಿದ ಭಾಷಣ)



ಬದನವಾಳು ನೂಲಿನ ಊರು. 1927ರಲ್ಲಿ ಗಾಂಧೀಜಿಯವರು ಇಲ್ಲಿಗೆ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಇಲ್ಲಿಯೇ ಸತ್ಯಾಗ್ರಹ ನಡೆಯಿತು. ಕೈದುಡಿಮೆಯ ಮಾನದ ಬಗ್ಗೆ ಈ ನೆಲದಲ್ಲಿ ಬೇಕಾದಷ್ಟು ಮಾತಾಗಿದೆ. ಇಂದು ನಾವು ಆಡಬೇಕೆಂದಿರುವುದು ದುಡಿಯುವವರ ಉಸಿರಿನ ಮಾತು.

ಗಿರಣಿಯಲ್ಲಿ ದುಡಿದವರಿಗೆ ಹತ್ತಿಯ ಧೂಳನ್ನು ಪರಿಚಯಿಸಬೇಕಾಗಿಲ್ಲ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ; ದಿನ ಕಳೆದಂತೆ ಸಡಿಲವಾಗುತ್ತದೆ. ವೈದ್ಯರು ಇದಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಆ ಬಿಗಿತ ರಜೆಯ ದಿನವೂ ಬಿಡುವುದಿಲ್ಲ.

ಈಗ ಅದೇ ಪ್ರಶ್ನೆ ಕ್ಷೌರದಂಗಡಿ, ಬ್ಯೂಟಿ ಪಾರ್ಲರುಗಳ ಬಾಗಿಲಿಗೆ ಬಂದಿದೆ. ಹಿಂದೆ ಅಲ್ಲಿದ್ದುದು ಕತ್ತರಿ, ಕತ್ತಿ, ಸೋಪು, ಪಟಿಕದ ಕಲ್ಲು. ಈಗ ತಲೆಯ ಬಣ್ಣದಲ್ಲಿ ಅಮೋನಿಯ, ಉಗುರಿನ ಬಣ್ಣದಲ್ಲಿ ಕರಗಿಸುವ ದ್ರವಗಳು, ಕೂದಲಿನ ಬ್ಲೀಚ್ ಪುಡಿಯಲ್ಲಿ ಪರ್ಸಲ್ಫೇಟ್. ಈ ಪರ್ಸಲ್ಫೇಟ್ ಉಬ್ಬಸ ತರಬಲ್ಲದು. ಇಂಥ ಉಬ್ಬಸದ ನಡೆ ಹತ್ತಿಯ ಧೂಳಿಗೆ ತಿರುಗುಮುರುಗು: ಕೆಲಸದ ದಿನಗಳಲ್ಲಿ ಏರುತ್ತದೆ, ಬಿಡುವಿನ ದಿನ ಇಳಿಯುತ್ತದೆ. ನಮ್ಮ ಕಡೆ ಕ್ಷೌರದಂಗಡಿಗೆ ಮಂಗಳವಾರ ರಜೆ. ಮಂಗಳವಾರ ಹಗುರಾದ ಉಸಿರು ಬುಧ, ಗುರುವಾರಕ್ಕೆ ಮತ್ತೆ ಕಟ್ಟುವುದಾದರೆ ಹವೆಯನ್ನು ದೂರಿ ಸುಮ್ಮನಿರಬೇಡಿ. ವೈದ್ಯರಿಗೆ ರೋಗದೊಡನೆ ಕಸುಬನ್ನೂ ಹೇಳಿ.

ಕೂದಲು ನೇರ ಮಾಡುವ ಕೆಲವು ಕ್ರೀಮುಗಳು ಬಿಸಿ ಇಸ್ತ್ರಿ ತಗಲಿದೊಡನೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವೈದ್ಯಕೀಯ ಕಾಲೇಜಿನಲ್ಲಿ ಹೆಣ ಕೆಡದಂತೆ ಇಡುವ ಫಾರ್ಮಾಲಿನ್ ಇದೇ ಅನಿಲ ಕರಗಿದ ನೀರು. ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. 2010ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸಲೂನ್ ಕೆಲಸಗಾರರ ದೂರಿನ ಮೇಲೆ ಪರೀಕ್ಷೆ ನಡೆದಾಗ, ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಅಚ್ಚು ಹಾಕಿದ್ದ ಸೀಸೆಯಲ್ಲಿಯೇ ಅದು ಸಿಕ್ಕಿತು. ದೂರು ಕೊಡದೆ ಇದ್ದಿದ್ದರೆ ಆ ಅಚ್ಚೇ ಸತ್ಯವಾಗಿ ಉಳಿಯುತ್ತಿತ್ತು.

ನಮ್ಮ ದೇಶದಲ್ಲಿ ಪ್ಯಾರಾಫೀನಿಲೀನ್‌ಡೈಅಮೀನ್ ಇರುವ ತಲೆಬಣ್ಣದ ಪೊಟ್ಟಣದ ಮೇಲೆ ಎಚ್ಚರಿಕೆ ಇರಬೇಕೆಂಬ ನಿಯಮವಿದೆ. ಮೊದಲು ಚರ್ಮದ ಮೇಲೆ ಪರೀಕ್ಷಿಸಿಕೊಳ್ಳಿ ಎಂದು ಅದು ಹೇಳುತ್ತದೆ. ಸರಿಯೇ. ಆದರೆ ತಿಂಗಳಿಗೊಮ್ಮೆ ಬಣ್ಣ ಹಚ್ಚಿಸಿಕೊಳ್ಳುವ ಗಿರಾಕಿಗೆ ಈ ಎಚ್ಚರಿಕೆಯಾದರೆ, ದಿನವೂ ಅದನ್ನು ಕಲಸುವ ಹುಡುಗಿಗೆ ಏನು?

ಇಲ್ಲಿ ಮಾಲೀಕರನ್ನು ಬೈದು ಮುಗಿಸುವಂತಿಲ್ಲ. ಸಣ್ಣ ಅಂಗಡಿಯಲ್ಲಿ ಮಾಲೀಕನೂ ಆಳೂ ಒಂದೇ ಕೋಣೆಯ ಗಾಳಿ ಕುಡಿಯುತ್ತಾರೆ. ಲಾಭ ಸೀಸೆ ತಯಾರಿಸಿದವನದು, ಕೆಮ್ಮು ಇವರಿಬ್ಬರದು. ಆದ್ದರಿಂದ ಇಬ್ಬರೂ ಒಂದಾಗಿ ಮಾಡಬೇಕಾದ್ದಿದೆ. ಏ.ಸಿ. ಕೋಣೆಯ ಗಾಳಿಯನ್ನು ತಂಪು ಮಾಡುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಕಿಟಕಿ ತೆರೆಯಿರಿ, ಗಾಳಿ ಹೊರದೂಡುವ ಫ್ಯಾನು ಹಾಕಿಸಿ. ಬಟ್ಟೆಯ ಮುಖಗವುಸು ಅನಿಲವನ್ನು ತಡೆಯದು. ಕೈಗವುಸು ಹಾಕಿಕೊಳ್ಳಿ, ಡಬ್ಬಿಗಳ ಮುಚ್ಚಳ ಬಿಗಿಯಿರಿ. ಒಳಗೇನಿದೆಯೆಂದು ಬರೆಯದ ಸೀಸೆಯನ್ನು ಯಾವ ಅಂಗಡಿಯೂ ಕೊಳ್ಳಬಾರದು.

ಫ್ಯಾನಿನ ಖರ್ಚಿಗೆ ಅಂಗಡಿಯವನು ನಾಲ್ಕು ಕಾಸು ಹೆಚ್ಚು ಕೇಳಿದರೆ ಗಿರಾಕಿಗಳಾದ ನಾವು ಗೊಣಗದೆ ಕೊಡೋಣ. ನಮ್ಮ ಅಂದಕ್ಕಾಗಿ ಇನ್ನೊಬ್ಬರ ಪುಪ್ಪುಸ ಸವೆಯಬಾರದು.